ಪಿಕ್ಸೆಲ್ಲಿನಿಂದ ಮಿಲಿಮೀಟರಿಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳನ್ನು ತಯಾರಿಸುವ ಘಟಕಗಳಿಗೆ ಬಿಡಿಭಾಗದ ಚಿತ್ರ ತೆಗೆದು ಅದರ ಗಾತ್ರ ಅಳೆಯುವ ಕ್ಯಾಮೆರಾ ಕೂರಿಸಿಕೊಡಲು ಹೋದಾಗ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ, “ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಐತ್ರಿ?” ಎಂಬುದು. ಅಳೆಯಬೇಕಾದ ಅಂಚು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅದಕ್ಕೂ ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಪಿಕ್ಸೆಲ್ಲಿಗೆ ಇಷ್ಟು ಮಿಲಿಮೀಟರ್ ಎಂಬ ಸಂಖ್ಯೆ ಲೆನ್ಸಿನಿಂದ ನಿರ್ದಿಷ್ಟ ದೂರದಲ್ಲಿರುವ ಒಂದು ಸಮತಲಕ್ಕೆ ಮಾತ್ರ ಸಲ್ಲುತ್ತದೆ.

ಲೆಕ್ಕ ಹಾಕಿ ನೋಡೋಣ. 2448 ಪಿಕ್ಸೆಲ್ ಅಗಲದ ಸೆನ್ಸರ್ 100 ಮಿ.ಮೀ. ಅಗಲದ ಜಾಗವನ್ನು ನೋಡುತ್ತಿದ್ದರೆ ಒಂದು ಪಿಕ್ಸೆಲ್ಲಿಗೆ ಸುಮಾರು 0.041 ಮಿ.ಮೀ. ಬರುತ್ತದೆ. ಲೆನ್ಸು ಮೇಜಿನಿಂದ 300 ಮಿ.ಮೀ. ಎತ್ತರದಲ್ಲಿದ್ದು, ಈ ಸಂಖ್ಯೆಯನ್ನು ಮೇಜಿನ ಮೇಲ್ಮೈಯಲ್ಲಿ ಪಡೆದು, ಬಳಿಕ 6 ಮಿ.ಮೀ. ದಪ್ಪದ ಫ್ಲ್ಯಾಂಜಿನ (ನಡುವೆ ರಂಧ್ರವಿರುವ ದುಂಡು ಲೋಹದ ತಟ್ಟೆಯ) ಮೇಲಂಚನ್ನು ಅಳೆದರೆ, ಅದು ಲೆನ್ಸಿಗೆ ಹತ್ತಿರವಿರುವುದರಿಂದ 40 ಮಿ.ಮೀ. ವ್ಯಾಸವು 40.8 ಎಂದು ತೋರುತ್ತದೆ. ಇದು ಇಪ್ಪತ್ತು ಪಿಕ್ಸೆಲ್ಲಿನಷ್ಟು ತಪ್ಪು. ಮೆಗಾಪಿಕ್ಸೆಲ್ ಎಷ್ಟೇ ಹೆಚ್ಚಿಸಿದರೂ ಇದು ಹೋಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಕೆಳಗಿನಿಂದ ಬೆಳಕು ಬಿಟ್ಟು ಅಳೆಯುವಾಗ ಹೊರವ್ಯಾಸದ ನೆರಳನ್ನು ಮೇಲಂಚು ರೂಪಿಸುತ್ತದೆ, ನಡುವಿನ ರಂಧ್ರದ ಆಕಾರವನ್ನು ಕೆಳಗಿನ ಅಂಚು ರೂಪಿಸುತ್ತದೆ. ಹೀಗಾಗಿ ಒಂದೇ ಜಾಬಿನ (ಅಳೆಯಬೇಕಾದ ಬಿಡಿಭಾಗದ) ಎರಡು ಅಳತೆಗಳಿಗೆ ಎರಡು ಸಮತಲಗಳು ಬೇಕಾಗುತ್ತವೆ. ಆದ್ದರಿಂದ ಕ್ಯಾಲಿಬ್ರೇಶನ್ ತಟ್ಟೆಯ, ಅಂದರೆ ಗೊತ್ತಾದ ಅಳತೆಯ ಗುರುತುಗಳಿರುವ ತಟ್ಟೆಯ, ಕೆಳಗೆ ಸ್ಲಿಪ್ ಗೇಜುಗಳನ್ನು (ನಿಖರ ದಪ್ಪದ ಉಕ್ಕಿನ ತುಂಡುಗಳನ್ನು) ಇಟ್ಟು, ಅದರ ಮೇಲ್ಮೈಯನ್ನು ಅಳೆಯಬೇಕಾದ ಅಂಚಿನ ಎತ್ತರಕ್ಕೇ ತರುತ್ತೇನೆ. ದೂರ ಬದಲಾದರೂ ವಸ್ತುವನ್ನು ಒಂದೇ ಗಾತ್ರದಲ್ಲಿ ತೋರಿಸುವ ಟೆಲಿಸೆಂಟ್ರಿಕ್ ಲೆನ್ಸಿಗೆ ಈ ಕಷ್ಟವಿಲ್ಲ, ಆದರೆ ಅದರ ಮುಂಭಾಗದ ಗಾಜು ನೋಡುವ ಜಾಗಕ್ಕಿಂತ ದೊಡ್ಡದಿರಬೇಕಾದ್ದರಿಂದ ಜಾಬು ದೊಡ್ಡದಾದಂತೆ ಬೆಲೆಯೂ ತೂಕವೂ ಏರುತ್ತವೆ.

ಲೆನ್ಸು ಚಿತ್ರದಲ್ಲಿ ನೇರ ಗೆರೆಗಳನ್ನು ಬಾಗಿಸುವ ವಕ್ರತೆಯನ್ನು ತಿದ್ದಲು ಚದುರಂಗದ ಮನೆಗಳ ಹಾಳೆಯನ್ನು ಬೇರೆ ಬೇರೆ ಕೋನಗಳಲ್ಲಿ ಹಿಡಿದು ಚಿತ್ರ ತೆಗೆಯುವ, ಝೆಂಗ್ಯೂ ಝಾಂಗ್ ಅವರು 2000ರಲ್ಲಿ ಪ್ರಕಟಿಸಿದ ವಿಧಾನವು ಚಿತ್ರ ಸಂಸ್ಕರಣೆಯ ಉಚಿತ ಸಾಫ್ಟ್‌ವೇರ್ ಸಂಗ್ರಹವಾದ ಓಪನ್‌ಸಿವಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅದು ಕೊನೆಯಲ್ಲಿ ಪಿಕ್ಸೆಲ್ಲುಗಳಲ್ಲಿ ತೋರಿಸುವ ದೋಷ (ಲೆಕ್ಕದ ಬಿಂದುಗಳು ಚಿತ್ರದ ಬಿಂದುಗಳಿಂದ ಎಷ್ಟು ದೂರ ಎಂಬುದು) ಚಿಕ್ಕದಾಗಿದ್ದ ಮಾತ್ರಕ್ಕೆ ಮಿಲಿಮೀಟರು ಸರಿಯಾಗಿದೆ ಎಂದು ನಂಬಬಾರದು. ಮನೆಯ ಬದಿ 10 ಮಿ.ಮೀ. ಎಂದು ನಾವು ಬರೆದುಕೊಟ್ಟು, ಪ್ರಿಂಟರು ಅದನ್ನು 9.9ಕ್ಕೆ ಕುಗ್ಗಿಸಿ ಮುದ್ರಿಸಿದ್ದರೆ, ಆ ದೋಷಾಂಕ ಕಿಂಚಿತ್ತೂ ಕೆಡದೆ ಎಲ್ಲ ಅಳತೆಗಳೂ ಶೇಕಡಾ ಒಂದರಷ್ಟು ಹೆಚ್ಚಾಗಿ ಬರುತ್ತವೆ. ಮೇಲಾಗಿ ಬೆಳಗಾವಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಅದೂ ಎರಡು ದಿಕ್ಕಿನಲ್ಲಿ ಸಮನಾಗಿ ಅಲ್ಲ. ಗಾಜಿನ ಮೇಲೆ ಕ್ರೋಮ್ ಲೇಪದಿಂದ ಮಾಡಿದ, ಪ್ರಮಾಣಪತ್ರವಿರುವ ತಟ್ಟೆಗೆ ಹಣ ಕೊಡುವುದು ದುಂದು ಅಲ್ಲ. ಫೋಕಸ್ ಉಂಗುರವನ್ನು ತಿರುಗಿಸಿದರೆ ಪಿಕ್ಸೆಲ್ಲಿಗೆ ಇಷ್ಟು ಮಿಲಿಮೀಟರ್ ಎಂಬ ಪ್ರಮಾಣವೂ ಬದಲಾಗುವುದರಿಂದ, ಅದರ ತಿರುಪನ್ನು ಬಿಗಿಗೊಳಿಸಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಬೇಕು.

ಎತ್ತರವೂ ತಟ್ಟೆಯೂ ಸರಿಯಿದ್ದು ಕ್ಯಾಮೆರಾದ ಅಳತೆ ಮೈಕ್ರೋಮೀಟರ್ ಉಪಕರಣದಿಂದ ಅಳೆದದ್ದಕ್ಕೆ ಹೊಂದದಿದ್ದರೆ, ಚಿಕ್ಕದು ದೊಡ್ಡದು ಎರಡೂ ಗಾತ್ರದ ಉಂಗುರಗಳನ್ನು ಇಟ್ಟು ನೋಡುತ್ತೇನೆ. ಪ್ರಮಾಣದ ತಪ್ಪಾದರೆ ಗಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ. ಹೊರವ್ಯಾಸ ಕುಗ್ಗಿ, ರಂಧ್ರ ಹಿಗ್ಗಿ, ಆ ವ್ಯತ್ಯಾಸ ಎರಡು ಉಂಗುರಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಅತಿಯಾದ ಬೆಳಕು ಅಂಚನ್ನು ತಿನ್ನುತ್ತಿದೆ ಎಂದರ್ಥ. ಆಗ ಸಾಫ್ಟ್‌ವೇರಿನಲ್ಲಿ ಪ್ರಮಾಣವನ್ನು ತಿದ್ದುವುದು ತಪ್ಪು, ಬೆಳಕನ್ನು ತಗ್ಗಿಸಬೇಕು. ಒಂದು ಗಾತ್ರದ ಜಾಬಿಗೆ ಮಾತ್ರ ಹೊಂದುವಂತೆ ಸಂಖ್ಯೆಯನ್ನು ಜಗ್ಗಿ ಕೂರಿಸುವ ಅಭ್ಯಾಸ ಬಹಳ ಕಡೆ ಇದೆ, ಜಾಬು ಬದಲಾದ ದಿನವೇ ಅದು ಬಯಲಾಗುತ್ತದೆ.

ತಾಪಮಾನದ ಚಿಂತೆ ಈ ಕ್ಯಾಮೆರಾಕ್ಕೆ ದೊಡ್ಡದಲ್ಲ. ಅಳತೆಯ ಮಾನಕ ತಾಪಮಾನ 20 ಡಿಗ್ರಿ. 35 ಡಿಗ್ರಿಯ ಶೆಡ್ಡಿನಲ್ಲಿ 100 ಮಿ.ಮೀ. ಉಕ್ಕು ಸುಮಾರು 0.017 ಮಿ.ಮೀ. ಹಿಗ್ಗುತ್ತದೆ, ಅದು ಅರ್ಧ ಪಿಕ್ಸೆಲ್ಲಿಗಿಂತ ಕಡಿಮೆ. ಯಂತ್ರದಿಂದ ಆಗಷ್ಟೇ ಇಳಿದ ಬಿಸಿ ಜಾಬನ್ನು ಮಾತ್ರ ತಣಿಯಲು ಬಿಟ್ಟು ಕ್ಯಾಮೆರಾದ ಕೆಳಗೆ ಇಡಬೇಕು.