ಕಾದಂಬರಿ ಎಲ್ಲಿಗೆ ಬಂತು?

ಬೆಳಗಿನ ಟ್ರೈನಿನಲ್ಲಿ ಎದುರು ಸೀಟಿನ ಹುಡುಗಿ ಕೇಳುತ್ತಾಳೆ: "ಅಕ್ಕಾ, ಕಾದಂಬರಿ ಎಲ್ಲಿಗೆ ಬಂತು?" ಮದುವೆಮನೆಯ ಊಟದ ಸಾಲಿನಲ್ಲಿ ಚಿಕ್ಕಪ್ಪ ಕೇಳುತ್ತಾರೆ: "ಏನಮ್ಮಾ, ಪುಸ್ತಕ ಆಯ್ತಾ?" 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ವಾರವಂತೂ, ಕನ್ನಡ ಪುಸ್ತಕ ಮುಟ್ಟದವರೂ ನನ್ನ ಮೇಜಿನ ಹತ್ತಿರ ಬಂದು ಕೇಳಿದರು. ಯಾರೂ ಚುಚ್ಚುವುದಕ್ಕೆ ಕೇಳಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ನಾನು "ನಡೀತಾ ಇದೆ" ಅಂದು ಮಾತು ಮುಗಿಸಿಬಿಡುತ್ತೇನೆ. ಮೂರು ವರ್ಷದಿಂದ ಅದೇ ಉತ್ತರ. ಅಷ್ಟು ಅಕ್ಕರೆಯಿಂದ ಕೇಳುವವರಿಗೆ ಅದು ಸಾಲದು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಾದಂಬರಿ ಒಬ್ಬ ನೀರುಗಂಟಿಯದು. ಈಗಿನ ಮಕ್ಕಳಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಊರಿನ ಆಯಗಾರರಲ್ಲಿ ಒಬ್ಬ. ಸಂಬಳ ಅಂತ ಇಲ್ಲ, ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುತ್ತಿದ್ದರು. ಹೆಚ್ಚಿನ ಊರುಗಳಲ್ಲಿ ಈ ಕೆಲಸ ದಲಿತರದು. ಊರಿನ ಕೆರೆ ನೀರೆಲ್ಲಾ ಅವನ ಕೈಯಲ್ಲಿ. ಊರ ಬಾವಿಯ ನೀರು ಮಾತ್ರ ಅವನು ಸೇದುವ ಹಾಗಿರಲಿಲ್ಲ.

ಬೋರ್‌ವೆಲ್ ಬಂದ ಮೇಲೆ ನಮ್ಮ ಕಡೆ ತೂಬಿನ ಕಡೆ ತಿರುಗಿ ನೋಡುವವರು ಕಡಿಮೆಯಾದರು. 2022ರ ಮಳೆಗೆ ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷದ ಮೇಲೆ ಕೋಡಿ ಬಿದ್ದವು. ಅಪ್ಪನ ಊರಿನದೂ ಬಿತ್ತು. ಊರಿಗೆ ಊರೇ ಬಾಗಿನ ಹಿಡಿದು ಏರಿ ಮೇಲೆ ನಿಂತಿತ್ತು. ಎಂಬತ್ತು ದಾಟಿದ ಒಬ್ಬ ತಾತ ಮಾತ್ರ ದೂರದಲ್ಲಿ, ತೂಬಿನ ಕಲ್ಲುಕಂಬದ ಎದುರಿಗೆ ಕೂತು ನೀರು ನೋಡುತ್ತಿದ್ದರು. ನಮ್ಮೂರಿನ ಕೊನೆಯ ನೀರುಗಂಟಿ ಅವರು. ನಮ್ಮ ಗದ್ದೆಗೂ ಅವರೇ ನೀರು ಬಿಟ್ಟವರು. ಫೋಟೋ ತೆಗೆಯುವಾಗ ಅವರನ್ನು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಮೊದಲ ಪುಟ ಬರೆದೆ.

ಇನ್ನು ನನ್ನ ದಿನದ ಲೆಕ್ಕ. ನಾಲ್ಕೂವರೆಗೆ ಏಳುತ್ತೇನೆ. ತಿಂಡಿ, ಮಗಳ ಡಬ್ಬಿ, ನಮ್ಮಿಬ್ಬರ ಡಬ್ಬಿ. ತುಮಕೂರಿಂದ ಯಶವಂತಪುರಕ್ಕೆ ಲೋಕಲ್ ಟ್ರೈನು. ಕ್ಯಾತ್ಸಂದ್ರ ದಾಟುವವರೆಗೆ ಎಲ್ಲರದೂ ಮಾತು. ಹಿರೇಹಳ್ಳಿ ಹೊತ್ತಿಗೆ ತಲೆಗಳು ಕಿಟಕಿಗೆ ವಾಲುತ್ತವೆ. ಆಗ ನೋಟ್‌ಬುಕ್ ತೆಗೆಯುತ್ತೇನೆ. ಚಿಕ್ಕಬಾಣಾವರದಲ್ಲಿ ಜನ ನುಗ್ಗುತ್ತಾರೆ, ಮೊಣಕೈ ಆಡಿಸಲು ಜಾಗ ಇರಲ್ಲ. ಹಿರೇಹಳ್ಳಿಯಿಂದ ಚಿಕ್ಕಬಾಣಾವರ, ಇಷ್ಟೇ ನನ್ನ ಬರೆಯುವ ಕೋಣೆ. ಗಾಡಿ ಕುಲುಕುವಾಗ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಭಾನುವಾರ ಕಂಪ್ಯೂಟರಿನ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಒಂದೊಂದು ಪದವನ್ನು ಬೆಳಕಿಗೆ ಹಿಡಿದು ಓದಬೇಕು.

ಕೆಲಸ ಲೆಕ್ಕಪತ್ರದ್ದು. ಪ್ರತಿ ತಿಂಗಳು 11ನೇ ತಾರೀಕಿಗೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಎಂಟರಿಂದ ಇಪ್ಪತ್ತರವರೆಗೆ ಟ್ರೈನಿನಲ್ಲೂ ಫೋನು, ಬಿಲ್ಲು, ಯಾರದ್ದೋ ತಪ್ಪಿದ ನಂಬರು. ಮಾರ್ಚ್ ಬಂದರೆ ಇಡೀ ತಿಂಗಳೇ ಹೋಯಿತು. ಆದರೂ ಟೈಮ್ ಇಲ್ಲ ಅನ್ನುವುದು ನನ್ನ ದೂರಲ್ಲ. ನಮ್ಮತ್ತೆ ಎಷ್ಟೋ ಸಲ "ನೀನು ಹೋಗಿ ಬರ್ಕೋ, ಸಾರು ನಾನು ನೋಡ್ಕೋತೀನಿ" ಅಂದು ಕೈಯಿಂದ ಸೌಟು ಕಿತ್ತುಕೊಂಡಿದ್ದಾರೆ. ಆಗ ಹೋಗಿ ಕೂತರೂ ಒಂದು ಸಾಲು ಹುಟ್ಟುವುದಿಲ್ಲ.

ಕಷ್ಟ ಇರುವುದು ವಾಪಸ್ ಹೋಗುವುದರಲ್ಲಿ. ಹನ್ನೆರಡು ದಿನ ಬಿಟ್ಟು ನೋಟ್‌ಬುಕ್ ತೆಗೆದರೆ ನನ್ನ ಕಾದಂಬರಿಯ ನೀರುಗಂಟಿ ತಿಮ್ಮಯ್ಯ ನನ್ನನ್ನು ಮಾತಾಡಿಸುವುದಿಲ್ಲ. ಅವನ ಹೆಂಡತಿಗೆ ಅವತ್ತು ಏಕೆ ಸಿಟ್ಟು ಬಂದಿತ್ತು ಅಂತ ನೆನಪಿರುತ್ತದೆ, ಆ ಸಿಟ್ಟಿನ ಬಿಸಿ ಇರುವುದಿಲ್ಲ. ಮೊದಲೆಲ್ಲಾ ಹಿಂದಿನ ಹತ್ತು ಪುಟ ಓದಿಕೊಂಡು ಶುರು ಮಾಡುತ್ತಿದ್ದೆ. ಓದುತ್ತಾ ತಿದ್ದುತ್ತಾ ಚಿಕ್ಕಬಾಣಾವರ ಬಂದುಬಿಡುತ್ತಿತ್ತು. ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ನಿಲ್ಲಿಸುವಾಗ ಪುಟದ ಅಂಚಿನಲ್ಲಿ ಒಂದೇ ವಿಷಯ ಬರೆದಿಡುತ್ತೇನೆ: ಈಗ ಅವನ ಕೈಯಲ್ಲಿ ಏನಿದೆ? ಸನಿಕೆ. ಅರ್ಧ ಸುಟ್ಟ ಬೀಡಿ. ಮಗಳ ಒದ್ದೆ ಲಂಗ. ಮುಂದೆ ಏನಾಗಬೇಕು ಅಂತ ಬರೆದಿಟ್ಟರೆ ನನಗೆ ಪ್ರಯೋಜನ ಆಗಲ್ಲ. ಕೈಯಲ್ಲಿರುವುದು ಗೊತ್ತಾದರೆ ಕೈ ಕಾಣುತ್ತದೆ, ಆಮೇಲೆ ಮುಖ. ಎರಡು ಸ್ಟೇಷನ್ ದಾಟುವುದರೊಳಗೆ ನಾನು ಏರಿ ಮೇಲೆ ಇರುತ್ತೇನೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಇದು ನಾನು ಬದುಕಿದ ಬದುಕಲ್ಲ. ಸುಮ್ನೆ ಊಹೆ ಮಾಡಿ ತುಂಬಿಸಿದರೆ, ಆ ಫೋಟೋದಲ್ಲಿ ಮಾಡಿದ ತಪ್ಪನ್ನೇ ಪುಸ್ತಕದಲ್ಲೂ ಮಾಡಿದ ಹಾಗೆ. ಒಂದು ಕಡೆ ತಿಮ್ಮಯ್ಯ ರಾತ್ರಿ ನೀರು ಬಿಡುತ್ತಾನೆ. ಬೆಳದಿಂಗಳಿಲ್ಲ. ಕೊನೆಯ ಗದ್ದೆಗೆ ನೀರು ಹತ್ತಿತು ಅಂತ ಅವನಿಗೆ ಹೇಗೆ ಗೊತ್ತಾಗುತ್ತದೆ? ಈ ಒಂದು ಪ್ರಶ್ನೆಗೆ ಎರಡು ತಿಂಗಳು ನಿಂತೆ. ಕೊನೆಗೆ ಒಂದು ಭಾನುವಾರ ಬಸ್ ಹತ್ತಿ ಆ ತಾತನ ಮನೆಗೆ ಹೋದೆ.

ತಾತ ಮೊದಲು ಅರ್ಧ ಗಂಟೆ ನಮ್ಮಪ್ಪನ ಮಂಡಿನೋವಿನ ಬಗ್ಗೆ ವಿಚಾರಿಸಿದರು. ಆಮೇಲೆ ಹೇಳಿದರು: "ಕಣ್ಣಲ್ಲಿ ಯಾರು ನೋಡ್ತಾರವ್ವಾ, ಕಿವೀಲಿ." ಒಣಗಿ ಬಾಯಿಬಿಟ್ಟ ನೆಲಕ್ಕೆ ನೀರು ಬಿದ್ದಾಗ ಬಿರುಕಿನೊಳಗಿಂದ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಇಡೀ ಗದ್ದೆ ಸಣ್ಣಗೆ ಚುರುಗುಟ್ಟುತ್ತದೆ. ಬದುವಿನ ಮೇಲೆ ಕೂತು ಅದನ್ನು ಕೇಳುತ್ತಿರಬೇಕು. ಸದ್ದು ನಿಂತರೆ ಭೂಮಿ ಕುಡಿದಾಯಿತು ಅಂತ. ಆಗ ಮಡೆ ಕಟ್ಟಿ ಮುಂದಿನ ಗದ್ದೆಗೆ ತಿರುಗಿಸುವುದು. ಹೇಳುತ್ತಾ ತಾತ ತಲೆಯನ್ನು ಒಂದು ಕಡೆಗೆ ವಾಲಿಸಿದರು, ಈಗಲೂ ಕೇಳುತ್ತಿರುವವರ ಹಾಗೆ. ಎಡಗಿವಿ. ಬಲಗಿವಿ ಕೇಳಲ್ಲವಂತೆ.

ಅವತ್ತು ರಾತ್ರಿ ಬರೆದದ್ದು ಮೂರು ಸಾಲು. ಈವರೆಗೆ ಬರೆದ 214 ಪುಟಗಳಲ್ಲಿ ನಾನು ಕಣ್ಣುಮುಚ್ಚಿ ನಂಬುವ ಸಾಲುಗಳು ಯಾವುವು ಅಂದರೆ ಮೊದಲು ಆ ಮೂರನ್ನೇ ತೋರಿಸುತ್ತೇನೆ. ಅದಕ್ಕೂ ಮೊದಲು ಬರೆದಿದ್ದ ಸುಮಾರು ತೊಂಬತ್ತು ಪುಟ ತೆಗೆದುಹಾಕಿದೆ. ಅದರಲ್ಲಿ ಅವನು ಎಲ್ಲವನ್ನೂ ಕಣ್ಣಲ್ಲೇ ನೋಡುತ್ತಿದ್ದ.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ, ಅದನ್ನೂ ಕೇಳುತ್ತಾರೆ. ಸಾಮಾನ್ಯವಾಗಿ ಲೇಖಕರಿಗೆ ಮುಖಬೆಲೆಯ ಶೇ 10 ರಾಯಧನ. 300 ರೂಪಾಯಿಯ ಪುಸ್ತಕ, 1,000 ಪ್ರತಿಯೂ ಖರ್ಚಾದರೆ 30,000 ರೂಪಾಯಿ. ಮೂರು ವರ್ಷಕ್ಕೆ. ಕಳೆದ ವರ್ಷ ಒಬ್ಬ ಪ್ರಕಾಶಕರಿಗೆ ಮೊದಲ ಐದು ಅಧ್ಯಾಯ ಕಳಿಸಿದ್ದೆ. "ಚೆನ್ನಾಗಿದೆ ಮೇಡಂ, ಅಚ್ಚಿನ ಖರ್ಚು ನೀವು ಹಾಕ್ಕೊಂಡು 300 ಪ್ರತಿ ನೀವೇ ತಗೊಳ್ಳಿ" ಅಂದರು. ಓದಿದ್ದರಾ ಅಂತ ಗೊತ್ತಾಗಲು ತಿಮ್ಮಯ್ಯನ ಬಗ್ಗೆ ಕೇಳಿದೆ. ಯಾರು ಅಂದರು. ಅದಾದ ಮೇಲೆ ಏಳು ವಾರ ಏನೂ ಬರೆಯಲಿಲ್ಲ. ಹಿರೇಹಳ್ಳಿ ಬಂದಾಗ ನಾನೂ ಕಿಟಕಿಗೆ ತಲೆ ಇಟ್ಟು ಮಲಗುತ್ತಿದ್ದೆ.

ಆ ವಾರಗಳಲ್ಲಿ ನೆನಪಾಗುತ್ತಿದ್ದವರು ಇಬ್ಬರು. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಅದೇ 1963ರಲ್ಲಿ ತ್ರಿವೇಣಿ ತೀರಿಕೊಂಡರು. ಇನ್ನೂ 35 ತುಂಬಿರಲಿಲ್ಲ, ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ನನಗೀಗ 43. ಇಂದಿರಾ ಅವರನ್ನು ನೆನೆದರೆ ಸಮಾಧಾನ ಆಗುತ್ತದೆ. ತ್ರಿವೇಣಿ ಅವರನ್ನು ನೆನೆದರೆ ಎದ್ದು ಕೂರಬೇಕು ಅನಿಸುತ್ತದೆ. ನನಗೆ ಎರಡೂ ಬೇಕಿತ್ತು.

ಎಂಟನೇ ವಾರ ನೋಟ್‌ಬುಕ್ ತೆಗೆದೆ. ಅಂಚಿನಲ್ಲಿ "ಲಾಟೀನು" ಅಂತ ಬರೆದಿತ್ತು.

ಹಾಗಾಗಿ ಎಲ್ಲಿಗೆ ಬಂತು ಅಂತ ಈಗ ಕೇಳಿದರೆ ಹೇಳುತ್ತೇನೆ. ಹದಿನೇಳನೇ ಅಧ್ಯಾಯ. ರಾತ್ರಿ. ತಿಮ್ಮಯ್ಯ ತೂಬು ಎತ್ತಿ ಬಂದಿದ್ದಾನೆ. ಮೇಲಿನ ಗದ್ದೆಯವನು ಮಡೆ ಒಡೆದು ನೀರು ಕದಿಯುತ್ತಿದ್ದಾನೆ ಅನ್ನುವ ಅನುಮಾನ ಬಂದಿದೆ, ಕೊನೆಯ ಗದ್ದೆ ಇನ್ನೂ ಚುರುಗುಟ್ಟುತ್ತಲೇ ಇದೆ. ಲಾಟೀನಿನಲ್ಲಿ ಎಣ್ಣೆ ಮುಗಿಯುತ್ತಾ ಬಂದಿದೆ. ಇವತ್ತು 21ನೇ ತಾರೀಕು, ನಾಳೆ ಟ್ರೈನಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಿಡು ಅಂತ ಆ ಹುಡುಗಿಗೆ ಹೇಳಿದ್ದೇನೆ.