ನಾಲ್ಕು ಚುಕ್ಕಿ, ಆರು ಗೆರೆ

ಕಚೇರಿಯ ರೌಟರ್, ಸ್ವಿಚ್ ಮತ್ತು ಸರ್ವರ್‌ಗಳ ಸಂಪರ್ಕವನ್ನು ತೋರಿಸುವ ಜಾಲನಕ್ಷೆಯನ್ನು ಇಂದು ಮೂರನೆಯ ಬಾರಿ ಬಿಡಿಸಿದೆ. ಮೊದಲ ನಕ್ಷೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಒಂದು ಗೆರೆಯ ಮೇಲೆ ಬೆರಳಿಟ್ಟು ಸಾಗುತ್ತ, ಇನ್ನೊಂದು ಗೆರೆ ಅಡ್ಡ ಬಂದಲ್ಲಿ ದಾರಿ ತಪ್ಪಿ ಬೇರೆಯದೇ ಸ್ವಿಚ್ಚನ್ನು ಮುಟ್ಟಿದಾಗ, ದೋಷ ಅವರದ್ದಲ್ಲ, ಸಾಧನಗಳನ್ನು ಸೂಚಿಸುವ ಚುಕ್ಕಿಗಳನ್ನು ನಾನು ಇಟ್ಟ ಬಗೆಯದ್ದು ಎಂದು ಮನವರಿಕೆಯಾಯಿತು.

ಪರಸ್ಪರ ಜೋಡಿಸಿದ ನಾಲ್ಕು ಚುಕ್ಕಿಗಳನ್ನು ಚೌಕದ ಮೂಲೆಗಳಲ್ಲಿಟ್ಟು ಆರು ಗೆರೆಗಳನ್ನು ನೇರವಾಗಿ ಎಳೆದರೆ, ಎರಡು ಕರ್ಣಗಳು ನಡುವೆ ಕತ್ತರಿಸಿಕೊಳ್ಳುತ್ತವೆ. ಒಂದು ಚುಕ್ಕಿಯನ್ನು ಉಳಿದ ಮೂರರ ತ್ರಿಕೋನದೊಳಗೆ ಸರಿಸಿದರೆ ಸಂಬಂಧಗಳೆಲ್ಲ ಹಾಗೆಯೇ ಉಳಿದು, ಛೇದನ ಮಾತ್ರ ಇಲ್ಲವಾಗುತ್ತದೆ. ಇಂಥ ನಕ್ಷೆಗಳನ್ನು ಜನ ಹೇಗೆ ಓದುತ್ತಾರೆಂದು ಅಧ್ಯಯನ ಮಾಡಿದ ಸಂಶೋಧಕಿ ಹೆಲೆನ್ ಪರ್ಚೇಸ್ ಅವರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಓದುಗರ ಗ್ರಹಿಕೆಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಛೇದನಗಳನ್ನು ತಗ್ಗಿಸಿದ್ದೇ. ಗೆರೆಗಳ ಬಾಗುಗಳನ್ನು ಕಡಿಮೆ ಮಾಡುವುದರ ಮತ್ತು ಸಮಮಿತಿಯ ಪರಿಣಾಮ ಅದಕ್ಕಿಂತ ಕಿರಿದು.

ಆದರೆ ಒಳಗೆ ಸರಿದ ಆ ಚುಕ್ಕಿ ಈಗ ನಡುವೆ ಕುಳಿತಿದೆ. ನಾಲ್ಕಕ್ಕೂ ಸಮಾನ ಸಂಬಂಧವಿದ್ದರೂ ನಡುವಿನದೇ ಮುಖ್ಯವೆಂದು ಕಣ್ಣು ನಂಬಿಬಿಡುತ್ತದೆ. ಇದು ನನ್ನನ್ನು ಬಹಳ ಹೊತ್ತು ಕಾಡಿತು. ಕೊನೆಗೆ ರೌಟರ್ ಮೇಲೆ, ಸ್ವಿಚ್‌ಗಳು ನಡುವೆ, ಸರ್ವರ್‌ಗಳು ಕೆಳಗೆ ಎಂದು ಸಾಲುಸಾಲಾಗಿ ಜೋಡಿಸಿ, ಎರಡು ಛೇದನಗಳನ್ನು ಬೇಕೆಂದೇ ಉಳಿಸಿಕೊಂಡೆ. ಅವನ್ನು ತಪ್ಪಿಸಲು ಹೋಗಿದ್ದರೆ ಬ್ಯಾಕಪ್ ಸ್ವಿಚ್ಚೇ ಮುಖ್ಯ ಸ್ವಿಚ್ಚಿನ ಜಾಗಕ್ಕೆ ಬಂದು ಕೂರುತ್ತಿತ್ತು. ಆ ಗೆರೆಗಳು ಓರೆಯಾಗಿ ಉಜ್ಜಿಕೊಂಡು ಹೋಗದೆ ಲಂಬವಾಗಿ ದಾಟುವಂತೆ ನೋಡಿಕೊಂಡಿದ್ದೇನೆ. ನಾಳೆ ಅದೇ ಸಹೋದ್ಯೋಗಿಯ ಮುಂದೆ ಇಡಬೇಕು.