ಊಬರ್ ಹತ್ತಿ ಬಂದ ಹೋಮ್ ರನ್

ಬೇಸ್‌ಬಾಲ್ ತಂಡವೊಂದು ಹಿರಿಯ ಆಟಗಾರನನ್ನು ಮೈನರ್ ಲೀಗ್ (ಮುಖ್ಯ ಲೀಗಿಗಿಂತ ಕೆಳಗಿನ ದರ್ಜೆ) ಕರಾರಿನಲ್ಲಿ ಸೇರಿಸಿಕೊಂಡರೆ ಸಾಕು, ಅಭಿಮಾನಿಗಳ ಗೊಣಗಾಟ ಶುರುವಾಗುತ್ತದೆ. "ಈ ವಯಸ್ಸಾದವನು ಯಾಕೆ? ಹುಡುಗರಿಲ್ಲವೇ?" ನ್ಯೂಜೆರ್ಸಿಗೆ ಬಂದು ನ್ಯೂಯಾರ್ಕಿನ ಮೆಟ್ಸ್ ತಂಡವನ್ನು ಹಚ್ಚಿಕೊಂಡ ಮೇಲೆ ನಾನೂ ಆ ಗುಂಪಿನವನೇ. 2018ರ ಡಿಸೆಂಬರಿನಲ್ಲಿ 38ರ ರಾಜೇ ಡೇವಿಸ್ ಬಂದಾಗಲೂ ಗೊಣಗಿದ್ದೆ. 2016ರ ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿಯ ಏಳನೆಯ ಪಂದ್ಯದಲ್ಲಿ ಎದುರಾಳಿ ಎಸೆತಗಾರ ಚಾಪ್‌ಮನ್‌ನ ಎಸೆತವನ್ನು ಗ್ಯಾಲರಿಗೆ ಅಟ್ಟಿ ತನ್ನ ಆಗಿನ ತಂಡ ಕ್ಲೀವ್‌ಲ್ಯಾಂಡಿಗೆ ಸಮಬಲ ತಂದುಕೊಟ್ಟವನು, ನಿಜ. ಆದರೆ ಹಳೆಯ ಪುಣ್ಯಕ್ಕೆ ಹೊಸ ಸಂಬಳವೇ ಎಂಬುದು ನನ್ನ ತಕರಾರಾಗಿತ್ತು. (ಸಂಬಳ ನಾನು ಕೊಡುವುದಿಲ್ಲ, ಆ ಮಾತು ಬೇರೆ.)

2019ರ ಮೇ 22. ಮೈನರ್ ಲೀಗ್ ತಂಡದೊಂದಿಗೆ ಪೆನ್ಸಿಲ್ವೇನಿಯಾದಲ್ಲಿದ್ದ ಡೇವಿಸ್‌ಗೆ ತುರ್ತು ಕರೆ ಹೋಯಿತು. ಊಬರ್ ಹಿಡಿದು, ಸುಮಾರು ಎರಡು ಗಂಟೆ ಕೂತು ಬಂದು ಮೆಟ್ಸ್‌ನ ಅಂಗಳ ಸಿಟಿ ಫೀಲ್ಡ್ ತಲುಪುವಷ್ಟರಲ್ಲಿ ಆಟ ಶುರುವಾಗಿಹೋಗಿತ್ತು. ಬಾಡಿಗೆ 243 ಡಾಲರ್. ಎಂಟನೆಯ ಇನ್ನಿಂಗ್ಸ್‌ನಲ್ಲಿ ಬದಲಿ ಬ್ಯಾಟರ್ ಆಗಿ ಇಳಿದವನು ಚೆಂಡನ್ನು ಅಂಗಳದಾಚೆ ಅಟ್ಟಿ ಮೂರು ರನ್ನಿನ ಹೋಮ್ ರನ್ ಹೊಡೆದ (ತನ್ನದೊಂದು, ಬೇಸ್‌ಗಳಲ್ಲಿ ಕಾದಿದ್ದ ಇಬ್ಬರದು ಎರಡು). ವಾಷಿಂಗ್ಟನ್ ನ್ಯಾಷನಲ್ಸ್ ವಿರುದ್ಧ ಮೆಟ್ಸ್ 6-1ರಿಂದ ಗೆದ್ದಿತು.

ಮೀಸಲು ಆಟಗಾರನ ಕೆಲಸ ಮದುವೆಮನೆಯ ಹೆಚ್ಚುವರಿ ಅಡುಗೆಯವನದ್ದಿರಬೇಕು. ಮುಖ್ಯ ಭಟ್ಟರಿಗೆ ಜ್ವರ ಬರುವವರೆಗೂ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗೆಂದು ನಾನು ಸುಧಾರಿಸಿಲ್ಲ. ಮುಂದಿನ ಚಳಿಗಾಲದಲ್ಲಿ ಮತ್ತೊಬ್ಬ ಹಿರಿಯ ಬಂದರೆ ಗೊಣಗಿಯೇ ಗೊಣಗುತ್ತೇನೆ.